ಜಾಝ್-ರಾಕ್ ವಾದ್ಯಗೋಷ್ಠಿಯೂ ನಮ್ಮ ವಿದ್ಯಾರ್ಥಿನಿಯರೂ

ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಗೀತವನ್ನು ಕಲಿಸತಕ್ಕದ್ದೆಂಬ ವಿಷಯದಲ್ಲಿ ಈಗ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಎಂಥ ಸಂಗೀತವನ್ನು ಕಲಿಸಬೇಕು, ಯಾವ ವಾದ್ಯವನ್ನು ಅವರ ಕೈಗೆ ಕೊಡಬೇಕು ಎಂಬಲ್ಲಿಯೇ ತಕರಾರು ಹುಟ್ಟುವುದು. ಈ ವರ್ಷ ನಮ್ಮ ಸಂಗೀತದ ಉಪಾಧ್ಯಾಯಿನಿಯವರು ಮೇಲಿನ ತರಗತಿಯ ವಿದ್ಯಾರ್ಥಿನಿಯರಿಗೆ ಒಂದು ಜಾಝ್-ರಾಕ್ ವಾದ್ಯಗೋಷ್ಠಿಯ ಧ್ವನಿಮುದ್ರಿಕೆಯನ್ನು ಕೇಳಿಸಿದರು. ಅದಾದ ಮೇಲೆ ಕೆಲವರು ಹುಡುಗಿಯರು ತಮಗೂ ಡ್ರಮ್ಮು, ಗಿಟಾರುಗಳನ್ನು ಕಲಿಸಬೇಕೆಂದು ಕೇಳಿಕೊಂಡರು. ಈ ಸಂಗತಿಯನ್ನು ತಿಳಿದು ಕಳವಳಗೊಂಡ ಪೋಷಕರಲ್ಲಿ ಕೆಲವರು ನಮಗೆ ಪತ್ರಗಳನ್ನು ಬರೆದಿರುವರು. ಅದು ಸಂಗೀತವಲ್ಲ, ಬರಿಯ ಗದ್ದಲವೆಂದು ಒಬ್ಬರು, ಕಲಬೆರಕೆಯೆಂದು ಇನ್ನೊಬ್ಬರು, ಹೆಣ್ಣುಮಕ್ಕಳಿಗೆ ಒಪ್ಪತಕ್ಕದ್ದಲ್ಲವೆಂದು ಬಹುಮಂದಿ. ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಉತ್ತರವನ್ನು ಬರೆಯುವುದಕ್ಕಿಂತ ಈ ಸಂಚಿಕೆಯಲ್ಲಿಯೇ ನಮ್ಮ ಅಭಿಪ್ರಾಯವನ್ನು ತಿಳಿಸುವುದು ಲೇಸೆಂದು ತೋರಿತು.

ಮೊದಲು, ಹುಡುಗಿಯರು ಕೇಳಿದ್ದು ಏನು ಎಂಬುದನ್ನು ವಾಚಕರು ಅರಿಯಬೇಕು. ಜಾಝ್ ಎಂಬುದು ಅಮೆರಿಕದಲ್ಲಿ ಆಫ್ರಿಕದ ಮೂಲದ ಜನರು, ದಾಸ್ಯದ ಬೇಗೆಯನ್ನು ಕಂಡವರ ಮಕ್ಕಳು ಮೊಮ್ಮಕ್ಕಳು, ಬೆಳೆಯಿಸಿದ ಸಂಗೀತ. ಗೊತ್ತಾದ ಒಂದು ಧಾಟಿಯನ್ನು ಹಿಡಿದು ವಾದಕನು ಆ ಕ್ಷಣದಲ್ಲಿಯೇ ತನ್ನ ಕಲ್ಪನೆಯಿಂದ ಅದನ್ನು ವಿಸ್ತರಿಸುವುದು ಅದರ ಜೀವಾಳ; ನಮ್ಮಲ್ಲಿ ಮನೋಧರ್ಮವೆಂದು ಕರೆಯುವುದಕ್ಕೆ ಇದು ದೂರದ್ದಲ್ಲ. ರಾಕ್ ಎಂಬುದು ವಿದ್ಯುತ್ ಗಿಟಾರಿನ ಬಲವನ್ನೂ ಡ್ರಮ್ಮಿನ ಬಿರುಸನ್ನೂ ನಂಬಿದ ಯೌವನದ ಸಂಗೀತ. 1960ರ ದಶಕದ ಕೊನೆಯಲ್ಲಿ ಇವೆರಡೂ ಕೂಡಿದುವು. ಮೈಲ್ಸ್ ಡೇವಿಸ್ ಎಂಬ ತುತ್ತೂರಿ ವಿದ್ವಾಂಸನು 1969ರಲ್ಲಿ ಈ ದಾರಿಯಲ್ಲಿ ಮಾಡಿದ ಧ್ವನಿಮುದ್ರಣದಲ್ಲಿ ಗಿಟಾರು ನುಡಿಸಿದವನು ಜಾನ್ ಮೆಕ್‌ಲಾಫ್ಲಿನ್ ಎಂಬ ಇಂಗ್ಲಿಷ್ ಯುವಕ. ಅವನೇ 1971ರಲ್ಲಿ ನ್ಯೂಯಾರ್ಕಿನಲ್ಲಿ ಮಹಾವಿಷ್ಣು ಆರ್ಕೆಸ್ಟ್ರಾ ಎಂಬ ತಂಡವನ್ನು ಕಟ್ಟಿದನು. 'ಮಹಾವಿಷ್ಣು' ಎಂಬುದು ಅವನ ಗುರುಗಳಾದ ಶ್ರೀ ಚಿನ್ಮಯ್ ಎಂಬ ಬಂಗಾಳಿಗಳು ಅವನಿಗೆ ಕೊಟ್ಟ ಹೆಸರು.

ಈ ತಂಡವು 1973ರ ಆಗಸ್ಟ್ ತಿಂಗಳಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ, ತೆರೆದ ಬಯಲಿನಲ್ಲಿ ಜನಸಮೂಹದ ಮುಂದೆ ನುಡಿಸಿದ್ದನ್ನು ಮುದ್ರಿಸಿ, ಅದೇ ವರ್ಷ 'ಬಿಟ್ವೀನ್ ನಥಿಂಗ್‌ನೆಸ್ ಅಂಡ್ ಎಟರ್ನಿಟಿ' ಎಂಬ ಹೆಸರಿನಿಂದ ಹೊರಡಿಸಿದರು. ನಮ್ಮ ಹುಡುಗಿಯರು ಕೇಳಿದ್ದು ಇದನ್ನೇ. ವಾದಕರು ಐವರು. ಗಿಟಾರಿನ ಮೆಕ್‌ಲಾಫ್ಲಿನ್ ಯಾರ್ಕ್‌ಶೈರಿನವನು. ಡ್ರಮ್ಮು ಬಾರಿಸಿದ ಬಿಲಿ ಕಾಬಮ್ ಪನಾಮಾದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಬೆಳೆದವನು. ವಿದ್ಯುತ್ ಪಿಯಾನೋವನ್ನೂ ಮೂಗ್ ಎಂಬ ಸ್ವರಯಂತ್ರವನ್ನೂ ನುಡಿಸಿದ ಯಾನ್ ಹ್ಯಾಮರ್ ಪ್ರಾಗ್ ನಗರದವನು, 1968ರಲ್ಲಿ ಪರಸೈನ್ಯವು ತನ್ನ ದೇಶವನ್ನು ಆಕ್ರಮಿಸಿದ ಕಾಲದಲ್ಲಿ ಅಮೆರಿಕಕ್ಕೆ ಹೋದವನು. ಪಿಟೀಲಿನ ಜೆರ್ರಿ ಗುಡ್‌ಮನ್ ಷಿಕಾಗೋದವನು. ಬಾಸ್ ಗಿಟಾರಿನ ರಿಕ್ ಲೇರ್ಡ್ ಡಬ್ಲಿನ್ನಿನವನು. ಮಾತೃಭೂಮಿಯೂ ಶಿಕ್ಷಣವೂ ಬೇರೆ ಬೇರೆಯಾದ ಐವರು.

ಧ್ವನಿಮುದ್ರಿಕೆಯಲ್ಲಿರುವುದು ಮೂರೇ ಕೃತಿಗಳು. ಕೊನೆಯ 'ಡ್ರೀಮ್' ಎಂಬುದೊಂದೇ ಸುಮಾರು 21 ನಿಮಿಷಗಳಷ್ಟು ದೀರ್ಘವಾಗಿದೆ. ಅದು ಮೆಲ್ಲಗೆ, ಮುಂಜಾನೆಯ ಬೆಳಕು ಹರಿಯುವಂತೆ ಆರಂಭವಾಗುತ್ತದೆ. ಬರಬರುತ್ತ ವೇಗವೇರಿ, ಗಿಟಾರೂ ಪಿಟೀಲೂ ಒಂದೇ ಸ್ವರಪಂಕ್ತಿಯನ್ನು ಕೂದಲೆಳೆಯಷ್ಟೂ ಅಂತರವಿಲ್ಲದೆ ಒಟ್ಟಿಗೆ ನುಡಿಸಿಕೊಂಡು ಓಡುತ್ತವೆ. ಒಬ್ಬನು ಒಂದು ಸಂಚಾರವನ್ನು ಎಸೆದರೆ ಮತ್ತೊಬ್ಬನು ಅದನ್ನು ಹಿಡಿದು, ತಿರುವಿ, ಮರಳಿ ಕೊಡುತ್ತಾನೆ. ಮೊದಲ ಸಲ ಕೇಳಿದಾಗ ಕಿವಿ ದಿಗ್ಭ್ರಮೆಗೊಳ್ಳುವುದು ನಿಜ. ನಮ್ಮ ಉಪಾಧ್ಯಾಯಿನಿಯವರು ಎರಡನೆಯ ಸಲ ಕೇಳಿಸಿದಾಗ ಹುಡುಗಿಯರಿಗೆ ಒಂದೇ ಒಂದು ಕೆಲಸವನ್ನು ಕೊಟ್ಟರು: ಬಾಸ್ ಗಿಟಾರೊಂದನ್ನೇ ಹಿಂಬಾಲಿಸಿರಿ ಎಂದರು. ಆಗ ಗದ್ದಲದ ಅಡಿಯಲ್ಲಿ ನೆಲವೊಂದು ಇರುವುದು ಅವರಿಗೆ ಕಂಡಿತು. ರಿಕ್ ಲೇರ್ಡನು ಮೆರೆಯುವುದಿಲ್ಲ, ಓಡುವುದಿಲ್ಲ. ಉಳಿದ ನಾಲ್ವರು ಎಲ್ಲಿಗೆ ಹಾರಿದರೂ ಮರಳಿ ಬಂದು ಕಾಲೂರುವುದಕ್ಕೆ ಸ್ಥಳವನ್ನು ಕಾದಿಡುತ್ತಾನೆ. (ಪ್ರತಿ ತರಗತಿಯಲ್ಲಿಯೂ ಇಂಥ ಹುಡುಗಿ ಒಬ್ಬಳಿರುತ್ತಾಳೆ, ಬಹುಮಾನ ವಿತರಣೆಯ ದಿವಸ ಅವಳ ಹೆಸರು ಬರುವುದು ಅಪರೂಪ.)

ತಾಳದ ವಿಷಯವನ್ನೂ ಹೇಳಬೇಕು. ಇದೇ ತಂಡದ 'ಬರ್ಡ್ಸ್ ಆಫ್ ಫೈರ್' ಎಂಬ ಕೃತಿಯಲ್ಲಿ ಒಂದು ಆವರ್ತಕ್ಕೆ 18 ಎಣಿಕೆಗಳು ಬರುತ್ತವೆ. ನಾಲ್ಕು ನಾಲ್ಕಾಗಿ ಎಣಿಸಿ ರೂಢಿಯಾದ ಪಾಶ್ಚಾತ್ಯ ಶ್ರೋತೃಗಳಿಗೆ ಇದು ಎಡವುವ ದಾರಿ. ಕೈಯಲ್ಲಿ ತಾಳ ಹಾಕಿ ಕಲಿತ ನಮ್ಮ ಹುಡುಗಿಯರು ಸ್ವಲ್ಪ ಹೊತ್ತಿನಲ್ಲಿಯೇ ಅದನ್ನು ಬಿಡಿಸಿದರು. ಎಣಿಕೆ ತಪ್ಪಿದ ಕ್ಷಣದಲ್ಲಿ ಐವರ ಕೂಟವು ಕುಸಿದುಬೀಳುವಂಥ ಸಂಗೀತವನ್ನು ಅಶಿಸ್ತೆಂದು ಕರೆಯುವುದು ನಮಗೆ ಸರಿಕಾಣುವುದಿಲ್ಲ.

ಶಬ್ದದ ಪ್ರಮಾಣದ ಮೇಲಿನ ಆಕ್ಷೇಪಣೆಯನ್ನು ಮಾತ್ರ ನಾವು ತಳ್ಳಿಹಾಕುವವರಲ್ಲ. ಮಹಾವಿಷ್ಣು ತಂಡವು ಕಿವಿ ಗಡಚಿಕ್ಕುವಂತೆ ನುಡಿಸುವುದಕ್ಕೆ ಹೆಸರಾಗಿತ್ತು. ಇಂಥ ಗೋಷ್ಠಿಗಳಲ್ಲಿ ಸರಾಸರಿ ಶಬ್ದವು 100 ಡೆಸಿಬೆಲ್ಲನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ನಿಯಮವನ್ನು ಸೂಚಿಸಿದೆ. ಎಳೆಯ ಕಿವಿಗಳಿಗೆ ಅದಕ್ಕಿಂತಲೂ ಬಹಳ ಕಡಿಮೆಯೇ ಸಾಕು. ನಮ್ಮ ಶಾಲೆಯಲ್ಲಿ ಯಂತ್ರದ ಕೀಲಿಯು ಉಪಾಧ್ಯಾಯಿನಿಯ ಕೈಯಲ್ಲಿಯೇ ಇರತಕ್ಕದ್ದು. ಆದರೆ ದೊಡ್ಡ ಧ್ವನಿಯನ್ನು ಬಯಸುವುದೇ ದೋಷವೆಂದರೆ ಮೈಸೂರು ಟಿ. ಚೌಡಯ್ಯನವರನ್ನು ಏನೆನ್ನೋಣ? ಧ್ವನಿವರ್ಧಕಗಳಿಲ್ಲದ ಸಭೆಯ ಹಿಂದಿನ ಸಾಲಿನವರಿಗೂ ಕೇಳಲೆಂದೇ ಅವರು ಪಿಟೀಲಿಗೆ ಏಳು ತಂತಿಗಳನ್ನು ಕಟ್ಟಿದರು.

ಕಲಬೆರಕೆಯ ಮಾತಿಗೆ ಹೆಚ್ಚು ಉತ್ತರ ಬೇಕಾಗಿಲ್ಲ. ಆ ಪಿಟೀಲೇ ಸಮುದ್ರದಾಚೆಯಿಂದ ಬಂದದ್ದು. ಬಾಲುಸ್ವಾಮಿ ದೀಕ್ಷಿತರು ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಇಂದು ಅದಿಲ್ಲದೆ ಕಚೇರಿಯೇ ನಡೆಯದು. ಮೆಕ್‌ಲಾಫ್ಲಿನ್ ಸಹ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ವೀಣೆಯನ್ನು ಅಭ್ಯಾಸ ಮಾಡಿದವನು. ಜರ್ಮನಿಯಲ್ಲಿ 1969ರಲ್ಲಿ ಹುಟ್ಟಿದ ಎಂಬ್ರಿಯೋ ಎಂಬ ಜಾಝ್-ರಾಕ್ ತಂಡದವರು 1978-79ರಲ್ಲಿ ಮೋಟಾರು ಬಸ್ಸಿನಲ್ಲಿ ಭೂಮಾರ್ಗವಾಗಿಯೇ ಭಾರತಕ್ಕೆ ಬಂದರು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಸಂಸ್ಥೆಯವರೊಡನೆ ಕೂಡಿ ನುಡಿಸಿದರು. ಒಬ್ಬರ ವಿದ್ಯೆಗೆ ತಲೆಬಾಗಿ, ಕಾಲ ವ್ಯಯಮಾಡಿ ಕಲಿತು ಕೂಡಿಸುವುದು ಬೇರೆ, ಚೂರುಪಾರುಗಳನ್ನು ಹೆಕ್ಕಿ ಅಂಟಿಸುವುದು ಬೇರೆ.

ಇನ್ನು ಹೆಣ್ಣುಮಕ್ಕಳ ಮಾತು. ಸೆಂಟ್ರಲ್ ಪಾರ್ಕಿನ ವೇದಿಕೆಯ ಮೇಲೆ ಒಬ್ಬ ಸ್ತ್ರೀಯೂ ಇರಲಿಲ್ಲ. ಅದನ್ನು ನಮ್ಮ ವಿದ್ಯಾರ್ಥಿನಿಯೊಬ್ಬಳು ತಾನಾಗಿಯೇ ಕೇಳಿದಳು. ಉತ್ತರವು ಬಲದ ಕೊರತೆಯಲ್ಲ, ವಾದ್ಯದ ಕೊರತೆ. ಬಾಲ್ಯದಲ್ಲಿ ಡ್ರಮ್ಮನ್ನು ಮುಟ್ಟಗೊಡದೆ ಇದ್ದು, ಪ್ರಾಯದಲ್ಲಿ ಡ್ರಮ್ಮು ಬಾರಿಸುವ ಸ್ತ್ರೀಯರು ಎಲ್ಲಿ ಎಂದು ಕೇಳಿದರೆ ಹೇಗೆ? ಮರುವರ್ಷವೇ, 1974ರಲ್ಲಿ, ಮೆಕ್‌ಲಾಫ್ಲಿನ್ ಕಟ್ಟಿದ ಎರಡನೆಯ ತಂಡದಲ್ಲಿ ಗೇಲ್ ಮೊರಾನ್ ಹಾಡಿ ಪಿಯಾನೋ ನುಡಿಸಿದರು, ಕೆರೊಲ್ ಶೈವ್ ಪಿಟೀಲನ್ನು ಹಿಡಿದರು. ಇಂಗ್ಲೆಂಡಿನ ಬಾರ್ಬರಾ ಥಾಂಪ್ಸನ್ ಸ್ಯಾಕ್ಸೊಫೋನನ್ನು ಹಿಡಿದು ಜಾಝ್-ರಾಕ್ ತಂಡವೊಂದನ್ನು ತಾವೇ ನಡೆಸಿದರು. ಹೊರಗೆ ಹುಡುಕುವುದೇತಕ್ಕೆ? ನಮ್ಮ ಬೆಂಗಳೂರಿನ ಗಾಯಕಿ ಆರ್. ಎ. ರಮಾಮಣಿಯವರು ಅಮೆರಿಕದ ಸ್ಯಾಕ್ಸೊಫೋನ್ ವಿದ್ವಾಂಸ ಚಾರ್ಲಿ ಮಾರಿಯಾನೋ ಅವರೊಡನೆ ಹಾಡಿದ 'ಜ್ಯೋತಿ' ಎಂಬ ಧ್ವನಿಮುದ್ರಿಕೆಯು 1983ರಷ್ಟು ಹಿಂದೆಯೇ ಯೂರೋಪಿನಲ್ಲಿ ಹೊರಬಂದಿತು.

ಇಂಥ ಸಂಗೀತವನ್ನು ಕಲಿತೊಡನೆ ಹುಡುಗಿಯರು ಸದ್ಗುಣಿಗಳಾಗುವರೆಂದು ನಾವು ಆಶೆ ತೋರಿಸಲಾರೆವು. ವೇದಿಕೆಯ ಮೇಲೆ ಅಷ್ಟು ಸೂಕ್ಷ್ಮವಾಗಿ ಒಬ್ಬರನ್ನೊಬ್ಬರು ಆಲಿಸಿದ ಆ ಐವರೇ ವೇದಿಕೆಯಿಂದಿಳಿದ ಮೇಲೆ ಒಬ್ಬರ ಮಾತನ್ನೊಬ್ಬರು ಕೇಳಲಾರದಾದರು. 1973ರ ಬೇಸಗೆಯಲ್ಲಿ ಲಂಡನ್ನಿನಲ್ಲಿ ಅವರು ಮಾಡಿದ ಧ್ವನಿಮುದ್ರಣವು 1999ರವರೆಗೂ ಹೊರಬರದೆ ಉಳಿಯಿತು. ಆ ವರ್ಷದ ಅಂತ್ಯಕ್ಕೆ ಮೊದಲ ತಂಡವೇ ಒಡೆಯಿತು. ನಾವು ಕೇಳುವುದು ಇಷ್ಟನ್ನೇ: ವಾರ್ಷಿಕೋತ್ಸವದಲ್ಲಿ ಮುದ್ರಿತ ಹಾಡಿಗೆ ಹೆಜ್ಜೆ ಹಾಕಿ ಚಪ್ಪಾಳೆ ಗಿಟ್ಟಿಸುವುದಕ್ಕಿಂತ, ಐದು ಮಂದಿ ಹುಡುಗಿಯರು ತಮ್ಮ ಕೈಯಿಂದಲೇ ನುಡಿಸಿ, ತಪ್ಪಿ, ಕಣ್ಸನ್ನೆಯಿಂದ ಒಬ್ಬರನ್ನೊಬ್ಬರು ಹಿಡಿದು ಮುಂದುವರಿಯುವುದನ್ನು ನಾವು ಹೆಚ್ಚೆಂದು ಎಣಿಸುತ್ತೇವೆ. ಮುದ್ರಿಕೆಯು ಯಾರಿಗಾಗಿಯೂ ನಿಲ್ಲುವುದಿಲ್ಲ; ಜೊತೆಗಾರ್ತಿಯು ನಿಲ್ಲುತ್ತಾಳೆ.

ಆದುದರಿಂದ ಬರುವ ಜೂನ್ ತಿಂಗಳಿನಿಂದ ಶನಿವಾರದ ಮಧ್ಯಾಹ್ನ ಎರಡು ಗಂಟೆಗಳ ಕಾಲ ಹೊಲಿಗೆಯ ಕೋಣೆಯಲ್ಲಿ ಈ ಅಭ್ಯಾಸವು ನಡೆಯುವುದು. ಹಳೆಯ ವಿದ್ಯಾರ್ಥಿನಿಯರು ದಾನವಾಗಿ ಕೊಟ್ಟ ಒಂದು ಜೊತೆ ಡ್ರಮ್ಮೂ ಎರಡು ಗಿಟಾರುಗಳೂ ಈಗಾಗಲೇ ಬಂದಿವೆ. ಪಿಟೀಲು ನಮ್ಮಲ್ಲಿಯೇ ಇದೆ. ಬಾಸ್ ಗಿಟಾರು ಇನ್ನೂ ದೊರೆತಿಲ್ಲ. ಪೋಷಕರ ಬರಹದ ಅನುಮತಿಯಿಲ್ಲದೆ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ಪತ್ರ ಬರೆದವರು ಯಾವ ಶನಿವಾರವಾದರೂ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಬಹುದು.