‘ಎಲ್ರೂ’ ಅಂದ್ರೆ ಎಷ್ಟು ಜನ?

ಕಳೆದ ಭಾನುವಾರ ಸಾದಲಿಗೆ ಹೋಗಿದ್ದೆ. ಚಿಕ್ಕಪ್ಪನ ಮಗಳು ಬಿ.ಇ. ಕೊನೇ ವರ್ಷ. “ಅಣ್ಣಾ, ಎಂ.ಎಸ್. ಮಾಡೋಕೆ ಎಲ್ರೂ ಫಾರಿನ್‌ಗೆ ಹೋಗ್ತಾವ್ರೆ, ನಾನೂ ಹೋಗ್ತೀನಿ” ಅಂದಳು. ಚಿಕ್ಕಪ್ಪ ಹಿಪ್ಪುನೇರಳೆ ತೋಟದ ಕಡೆ ನೋಡ್ತಾ ಸುಮ್ಮನೆ ಕೂತಿದ್ದರು. ಸಾಲಕ್ಕೆ ಅಡ ಇಡೋಕೆ ಇರೋದು ಅದೊಂದೇ.

ಫೋನಲ್ಲೇ ಲೆಕ್ಕ ಹಾಕಿದೆವು. ಕೇಂದ್ರ ಸರ್ಕಾರದ ಪ್ರಕಾರ 2024ರಲ್ಲಿ ಹೊರದೇಶದಲ್ಲಿ ಓದುತ್ತಿದ್ದ ಭಾರತೀಯರು ಸುಮಾರು 13 ಲಕ್ಷ. ಇಲ್ಲಿ ಕಾಲೇಜು ಓದುವವರು 4 ಕೋಟಿಗೂ ಹೆಚ್ಚು. ಅಂದ್ರೆ ನೂರಕ್ಕೆ ಮೂರು ಜನ, ಅಷ್ಟೇ.

ಪುಟ್ಟ ದೇಶ ಲಕ್ಸೆಂಬರ್ಗ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ಹೊರಗೇ ಓದುತ್ತಾರೆ. ಅಲ್ಲಿ ವಿಶ್ವವಿದ್ಯಾಲಯ ಶುರುವಾಗಿದ್ದೇ 2003ರಲ್ಲಿ. ಜರ್ಮನಿ, ಬೆಲ್ಜಿಯಂ, ಫ್ರಾನ್ಸ್ ಪಕ್ಕದಲ್ಲೇ ಇವೆ, ಸರ್ಕಾರವೂ ನೆರವು ಕೊಡುತ್ತೆ. ನಾವು ಸಾದಲಿಯಿಂದ ಚಿಕ್ಕಬಳ್ಳಾಪುರಕ್ಕೆ ಹೋಗಿ ಇಂಜಿನಿಯರಿಂಗ್ ಓದಿದ ಹಾಗೆ.

“ಹಂಗಾದ್ರೆ ಅವರಪ್ಪಂದಿರು ತೋಟ ಅಡ ಇಡಬೇಕಾಗಿಲ್ಲ” ಅಂದರು ಚಿಕ್ಕಪ್ಪ.

ತಂಗಿ ಆಸೆ ಬಿಟ್ಟಿಲ್ಲ. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ, ಇರೋ ಖರ್ಚಿಗೆ ಮಾತ್ರ ದುಡ್ಡು ತೋರಿಸಬೇಕು ಅಂತ ಹುಡುಕಿದ್ದಾಳೆ. “ಎರಡು ವರ್ಷ ಕೆಲಸ ಮಾಡಿ, ಕೂಡಿಟ್ಟು ಹೋಗ್ತೀನಪ್ಪಾ” ಅಂದಳು. ಚಿಕ್ಕಪ್ಪ ಆಗ ಕಾಫಿ ಲೋಟ ಕೈಗೆತ್ತಿಕೊಂಡರು.

ನೀವೂ ಅಷ್ಟೇ, ‘ಎಲ್ರೂ’ ಅನ್ನೋ ಮೊದಲು ಒಂದು ಸಲ ಭಾಗಾಕಾರ ಮಾಡಿ ನೋಡಿ.