ಪುಣೆಯ ಜಿಬಿಎಸ್: ನರಕೋಶದಲ್ಲಿ ಕೆಡುವುದು ಏನು?

"ಅಣ್ಣಾರ, ಕಾಲು ಜೋಮು ಹಿಡದಾವ್ರಿ, ನರದ ಗುಳಿಗಿ ಕೊಡ್ರಿ." ಇಂದಾಪುರದ ಔಷಧಿ ಅಂಗಡಿಯಲ್ಲಿ ಸೊಲ್ಲಾಪುರ, ವಿಜಯಪುರ ಕಡೆಯವರು ಹೀಗೆ ಕೇಳುವುದು ಹೊಸದಲ್ಲ. 2025ರ ಜನವರಿಯ ನಂತರ ನಾನು ಎರಡು ಪ್ರಶ್ನೆ ಹೆಚ್ಚಿಗೆ ಕೇಳುತ್ತೇನೆ: ಈಚೆಗೆ ಭೇದಿಯಾಗಿತ್ತೇ? ಮೆಟ್ಟಿಲು ಹತ್ತಲು ಕಷ್ಟವಾಗುತ್ತಿದೆಯೇ?

ಆ ತಿಂಗಳು ಪುಣೆಯ ಸಿಂಹಗಡ ರಸ್ತೆಯ ಸುತ್ತಮುತ್ತ ಗಿಲ್ಲೆನ್-ಬಾರೆ ಸಿಂಡ್ರೋಮ್ (ಜಿಬಿಎಸ್) ಒಮ್ಮೆಲೇ ಹೆಚ್ಚಿತು. ಫೆಬ್ರವರಿ ಮಧ್ಯದ ಹೊತ್ತಿಗೆ ಶಂಕಿತರೂ ಸೇರಿ ರೋಗಿಗಳ ಸಂಖ್ಯೆ 200 ದಾಟಿತ್ತು. ಕೆಲವರ ಮಲದಲ್ಲಿ ಕ್ಯಾಂಪಿಲೊಬ್ಯಾಕ್ಟರ್ ಜೆಜುನಿ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಅನುಮಾನ ಕುಡಿಯುವ ನೀರಿನ ಮೇಲೆ ಬಿತ್ತು.

ಹೊಟ್ಟೆಯ ಸೋಂಕಿಗೂ ಕಾಲಿನ ಬಲಕ್ಕೂ ಏನು ಸಂಬಂಧ? ಕಾಲನ್ನು ಆಡಿಸುವ ನರಕೋಶದ ಮುಖ್ಯ ಭಾಗ ಬೆನ್ನುಹುರಿಯಲ್ಲಿದೆ. ಅಲ್ಲಿಂದ ಆಕ್ಸಾನ್ ಎಂಬ ಒಂದೇ ಎಳೆ ಪಾದದವರೆಗೆ, ಸುಮಾರು ಒಂದು ಮೀಟರ್ ಸಾಗುತ್ತದೆ. ಅದರ ಮೇಲೆ ಶ್ವಾನ್ ಕೋಶಗಳು ಸುತ್ತಿದ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇದೆ. ಹೊದಿಕೆಯ ನಡುವಿನ ಸಣ್ಣ ಸಂದುಗಳಲ್ಲಿ ಸಂಕೇತ ಜಿಗಿಯುತ್ತಾ ಓಡುವುದರಿಂದಲೇ ಅದಕ್ಕೆ ಅಷ್ಟು ವೇಗ. ಈ ಬ್ಯಾಕ್ಟೀರಿಯಾದ ಹೊರಮೈಯ ಕೆಲವು ಅಂಶಗಳು ನರದ ಅಂಶಗಳನ್ನು ಹೋಲುತ್ತವೆ. ಸೋಂಕಿನ ವಿರುದ್ಧ ತಯಾರಾದ ಪ್ರತಿಕಾಯಗಳು ಗುರುತು ತಪ್ಪಿ ನರದ ಮೇಲೆರಗುತ್ತವೆ. ಭೇದಿ ನಿಂತು ಒಂದೆರಡು ವಾರವಾದ ಮೇಲೆ ಕಾಲು ಸೋಲುವುದು ಇದಕ್ಕೇ.

ಪೆಟ್ಟು ಹೊದಿಕೆಗೆ ಮಾತ್ರ ಬಿದ್ದಿದ್ದರೆ ಶ್ವಾನ್ ಕೋಶಗಳು ಮತ್ತೆ ಸುತ್ತುತ್ತವೆ. ವಾರಗಳಲ್ಲೋ ತಿಂಗಳುಗಳಲ್ಲೋ ಬಲ ಮರಳುತ್ತದೆ. ಎಳೆಯೇ ತುಂಡಾದರೆ ಅದು ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯಬೇಕು. ಒಂದೇ ವಾರ್ಡಿನ ಒಬ್ಬರು ತಿಂಗಳಲ್ಲಿ ನಡೆದು, ಇನ್ನೊಬ್ಬರು ವರ್ಷವಾದರೂ ಕೋಲು ಹಿಡಿದಿದ್ದರೆ ಆರೈಕೆಯಲ್ಲಿ ಕೊರತೆಯಾಯಿತೆಂದು ಮನೆಯವರು ಕೊರಗಬೇಕಿಲ್ಲ.

ಬಿ12 ಗುಳಿಗೆ, ನರದ ಟಾನಿಕ್ ಈ ಕಾಯಿಲೆಯನ್ನು ತಡೆಯುವುದಿಲ್ಲ. ಸ್ಟಿರಾಯ್ಡ್ ಕೂಡ ಉಪಯೋಗಕ್ಕೆ ಬಂದಿಲ್ಲ. ಕೆಲಸ ಮಾಡುವುದು ಎರಡೇ: ಪ್ಲಾಸ್ಮಾ ಬದಲಾವಣೆ, ಇಲ್ಲವೇ ಐವಿಐಜಿ. ಐವಿಐಜಿ ಸಾಮಾನ್ಯವಾಗಿ ಕಿಲೋ ತೂಕಕ್ಕೆ ಒಟ್ಟು 2 ಗ್ರಾಂ, 5 ದಿನ. 60 ಕಿಲೋದವರಿಗೆ 5 ಗ್ರಾಮಿನ 24 ಬಾಟಲಿ. ದುಬಾರಿ ಏಕೆಂದು ಇದರಲ್ಲೇ ತಿಳಿಯುತ್ತದೆ. ಮೊದಲ ಎರಡು ವಾರದೊಳಗೆ ಕೊಟ್ಟರೆ ಹೆಚ್ಚು ಫಲ.

ಬಲಹೀನತೆ ಎರಡೂ ಕಾಲಿನಿಂದ ಮೇಲಕ್ಕೆ ಏರುತ್ತಿದ್ದರೆ, ನುಂಗಲು ಕಷ್ಟವಾದರೆ, ಒಂದೇ ಉಸಿರಿನಲ್ಲಿ ಒಂದು ವಾಕ್ಯ ಮುಗಿಸಲಾಗದಿದ್ದರೆ ಬೆಳಗಾಗಲಿ ಎನ್ನಬೇಡಿ. ವೆಂಟಿಲೇಟರ್ ಇರುವ ಆಸ್ಪತ್ರೆಗೇ ಹೋಗಿ. ಉಸಿರಾಟದ ಸ್ನಾಯುಗಳಿಗೂ ಸಂಕೇತ ಹೋಗುವುದು ಇಂಥದೇ ಎಳೆಗಳಲ್ಲಿ.