ನಡುಗಡ್ಡೆಗೆ ಮೊದಲು ಸಲ್ಲಬೇಕಾದುದು

ಕಳೆದ ಚಳಿಗಾಲದಲ್ಲಿ ನಾವು ದಂಪತಿಗಳು ಸಿಂಧನೂರಿನ ಭತ್ತದ ಗದ್ದೆಗಳನ್ನು ದಾಟಿ, ಮಸ್ಕಿಯಲ್ಲಿ ಅಶೋಕನ ಶಾಸನವನ್ನು ಕಂಡು, ಲಿಂಗಸುಗೂರು ತಾಲ್ಲೂಕಿನ ಜಲದುರ್ಗಕ್ಕೆ ಹೋಗಿದ್ದೆವು. ಕೃಷ್ಣೆ ಕವಲೊಡೆದು ಬಳಸಿ ಹರಿಯುವ ಆ ನಡುಗಡ್ಡೆಯ ಕೋಟೆ ಮನಸ್ಸನ್ನು ತುಂಬಿತು. ಪಟ್ಟಣದಲ್ಲಿ ಹಿಡಿದ ಕೋಣೆ ಮಾತ್ರ ಬೇಸರ ತಂದಿತು: ನಲ್ಲಿಯಲ್ಲಿ ನೀರಿಲ್ಲ, ಹಾಸಿಗೆಯಲ್ಲಿ ತಿಗಣೆ. ಹೊಳೆಯ ನಡುವೆಯೇ ಒಂದು ಪ್ರವಾಸಿ ಮಂದಿರವಿರಬಾರದೇ ಎಂದು ಗೊಣಗಿದೆವು.

ಅದನ್ನು ಕೇಳಿದ ಅಲ್ಲಿನ ರೈತರೊಬ್ಬರು ನಕ್ಕರು: "ಒಂದು ರಾತ್ರಿಗೇ ಬ್ಯಾಸರಾತೇನ್ರಿ ಸರ? ಹೊಳಿ ಬಂದ್ರ ನಾವು ವಾರಗಟ್ಟಲೆ ಸಿಕ್ಕೊಂಡಿರತೀವಿ."

ಅವರ ಮಾತು ಉತ್ಪ್ರೇಕ್ಷೆಯಲ್ಲ. 2019ರ ಆಗಸ್ಟಿನಲ್ಲಿ ಮೇಲ್ಭಾಗದ ನಾರಾಯಣಪುರ ಅಣೆಕಟ್ಟೆಯಿಂದ ಲಕ್ಷಗಟ್ಟಲೆ ಕ್ಯೂಸೆಕ್ ನೀರು ಹರಿಸಿದಾಗ ಶೀಲಹಳ್ಳಿಯ ಸೇತುವೆ ಮುಳುಗಿ, ನಡುಗಡ್ಡೆಯ ಊರುಗಳ ಸಂಪರ್ಕವೇ ಕಡಿದಿತ್ತು. ದಾರಿ ಮುಚ್ಚಿದರೆ ಗರ್ಭಿಣಿಗೆ ಆಸ್ಪತ್ರೆಯೂ ಮಕ್ಕಳಿಗೆ ಶಾಲೆಯೂ ಹೊಳೆಯಾಚೆ.

ಸಿಂಧನೂರಿನ ಭತ್ತಕ್ಕೆ ತುಂಗಭದ್ರೆಯಾಗಿ ಒದಗುವುದೂ, ನಡುಗಡ್ಡೆಗೆ ಕೃಷ್ಣೆಯ ನೆರೆಯಾಗಿ ಬರುವುದೂ ಘಟ್ಟದ ಮಳೆಯೇ. ಆದ್ದರಿಂದ ಇದು ಮಲೆನಾಡಿಗರಿಗೆ ದೂರದ ಸುದ್ದಿಯಲ್ಲ. ನಮ್ಮಲ್ಲಿಯೂ ಹೋಂ ಸ್ಟೇಗೆ ಕಾಂಕ್ರೀಟ್ ರಸ್ತೆ ಬಂದೀತು, ಹಳ್ಳದಾಚೆಯ ಮನೆಗೆ ಕಾಲುಸಂಕವೂ ಬಾರದು.

ಹಿರಿಮೆ ದೊಡ್ಡವರ ಸೊತ್ತಲ್ಲ, ಸಾಮಾನ್ಯನಿಗೂ ಎಟಕುವಂಥದು ಎಂಬುದು ಮಸ್ಕಿ ಶಾಸನದ ತಾತ್ಪರ್ಯ. ಆ ನ್ಯಾಯದಂತೆ ನಡುಗಡ್ಡೆಯವರಿಗೆ ಮೊದಲು ಸಲ್ಲಬೇಕಾದುದು ನೆರೆಯಲ್ಲೂ ಮುಳುಗದ ದಾರಿ ಮತ್ತು ನೀರು ಬಿಡುವ ಮುನ್ನ ಸಕಾಲದ ಎಚ್ಚರಿಕೆ. ಪ್ರವಾಸಿ ಮಂದಿರ ಕಾಯಲಿ. ನಾವು ತಿಗಣೆಯೊಂದಿಗೆ ಇನ್ನೊಂದು ರಾತ್ರಿ ಕಳೆದೇವು.